ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಲೂಸಿಯಾ ಹ್ಯಾರಿಸ್

ಪ್ರತಿಭೆಯೊಂದಿದ್ದರೆ ಸಾಲದು, ಅದು ಪ್ರಕಟಗೊಳ್ಳಲು ತಕ್ಕ ರಂಗವೂ ಬೇಕು. ಅಮೆರಿಕದ ಆಟಗಾರ್ತಿ ಲೂಸಿಯಾ ಹ್ಯಾರಿಸ್ ಅವರ ಜೀವನವು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಹ್ಯಾರಿಸ್ ಅವರು 1955ನೆಯ ಫೆಬ್ರವರಿ 10ರಂದು ಮಿಸಿಸಿಪ್ಪಿ ರಾಜ್ಯದ ಮಿಂಟರ್ ಸಿಟಿ ಎಂಬ ಚಿಕ್ಕ ಊರಿನಲ್ಲಿ, ಕಪ್ಪು ಜನಾಂಗದ ಬೇಸಾಯಗಾರರ ಮನೆಯಲ್ಲಿ ಜನಿಸಿದರು. ಹನ್ನೊಂದು ಮಕ್ಕಳಲ್ಲಿ ಅವರು ಹತ್ತನೆಯವರು. ಬಾಲ್ಯದಲ್ಲಿ ಹತ್ತಿ ಬಿಡಿಸಿದ ಆ ಕೈಗಳೇ ಮುಂದೆ ಚೆಂಡನ್ನು ಬುಟ್ಟಿಗೆ ಗುರಿಯಿಟ್ಟು ಎಸೆಯುವುದರಲ್ಲಿ ಪಳಗಿದವು. ಆರು ಅಡಿ ಮೂರು ಅಂಗುಲದ ಅವರ ನಿಲುವು ಮೊದಲು ಪರಿಹಾಸ್ಯಕ್ಕೂ, ಅನಂತರ ಕೀರ್ತಿಗೂ ಕಾರಣವಾಯಿತು.

ಅವರು ಸೇರಿದ ಡೆಲ್ಟಾ ಸ್ಟೇಟ್ ವಿದ್ಯಾಸಂಸ್ಥೆಯು, ಈ ಆಟ ಹೆಣ್ಣುಮಕ್ಕಳಿಗೆ ಅತಿಶ್ರಮದಾಯಕವೆಂಬ ಕಾರಣದಿಂದ 1930ರ ದಶಕದಲ್ಲಿ ತನ್ನ ಮಹಿಳಾ ತಂಡವನ್ನು ವಿಸರ್ಜಿಸಿತ್ತು. ಅಂದು ಆಟದಿಂದ ವಂಚಿತರಾದ ಮಾರ್ಗರೆಟ್ ವೇಡ್ ಅವರೇ 1973ರಲ್ಲಿ ಪುನರಾರಂಭಗೊಂಡ ತಂಡದ ಶಿಕ್ಷಕಿಯಾದರು. ಅವರ ಮಾರ್ಗದರ್ಶನದಲ್ಲಿ ಹ್ಯಾರಿಸ್ ಮತ್ತು ಸಂಗಡಿಗರು 1975, 1976, 1977ರಲ್ಲಿ ಸತತವಾಗಿ ರಾಷ್ಟ್ರೀಯ ಪ್ರಶಸ್ತಿಯನ್ನು ಗಳಿಸಿದರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಪ್ರಥಮ ಬಾರಿಗೆ ಸೇರ್ಪಡೆಯಾದಾಗ, ಅದರ ಮೊಟ್ಟಮೊದಲ ಅಂಕಗಳನ್ನು ಗಳಿಸಿದವರು ಇವರೇ. ಅಮೆರಿಕದ ತಂಡ ಬೆಳ್ಳಿ ಪದಕವನ್ನು ಪಡೆಯಿತು.

ಆದರೆ ವಿದ್ಯಾಭ್ಯಾಸ ಮುಗಿದೊಡನೆ ದಾರಿಯೂ ಮುಗಿಯಿತು. ಪುರುಷ ಆಟಗಾರರಿಗಿದ್ದಂತೆ ಮಹಿಳೆಯರಿಗೆ ವೃತ್ತಿಪರ ಸಂಘವೊಂದು ಅಂದು ಆ ದೇಶದಲ್ಲಿರಲಿಲ್ಲ. 1977ರಲ್ಲಿ ಪುರುಷರ ನ್ಯೂ ಆರ್ಲಿಯನ್ಸ್ ಜಾಜ್ ತಂಡವು ಅವರನ್ನು ಏಳನೆಯ ಸುತ್ತಿನಲ್ಲಿ ಆರಿಸಿತಾದರೂ ಅವರು ಆ ಆಹ್ವಾನವನ್ನು ಒಪ್ಪಲಿಲ್ಲ. ಆಗ ಅವರು ಗರ್ಭಿಣಿಯಾಗಿದ್ದರು. 1978ರಲ್ಲಿ ಆರಂಭವಾದ ಮಹಿಳಾ ವೃತ್ತಿಪರ ಲೀಗ್‌ನಲ್ಲಿ ಅವರು ಹ್ಯೂಸ್ಟನ್ ಏಂಜಲ್ಸ್ ತಂಡದ ಪರವಾಗಿ 1979–80ರ ಒಂದು ಋತುವಿನಲ್ಲಿ ಮಾತ್ರ ಆಡಿದರು. ಆ ಲೀಗ್ ಕೂಡ 1981ರಲ್ಲಿ ಮುಚ್ಚಿಹೋಯಿತು. ಇಂದಿಗೂ ನಡೆಯುತ್ತಿರುವ ಮಹಿಳಾ ರಾಷ್ಟ್ರೀಯ ಲೀಗ್ ತನ್ನ ಆಟವನ್ನು ಆರಂಭಿಸಿದ್ದು 1997ರಲ್ಲಿ. ಆ ವೇಳೆಗೆ ಹ್ಯಾರಿಸ್ ಅವರಿಗೆ ನಲವತ್ತೆರಡು ವರ್ಷ ತುಂಬಿತ್ತು.

ಮನೋವ್ಯಾಧಿಯನ್ನೂ ಎದುರಿಸಿದ ಅವರು ತಾವು ಕಲಿತ ಪ್ರೌಢಶಾಲೆಯಲ್ಲಿಯೇ ಶಿಕ್ಷಕಿಯಾಗಿ ಮಕ್ಕಳಿಗೆ ಪಾಠವನ್ನೂ ಆಟವನ್ನೂ ಕಲಿಸಿದರು. 1992ರಲ್ಲಿ ನೈಸ್ಮಿತ್ ಕೀರ್ತಿಮಂದಿರಕ್ಕೆ ಸೇರಿದ ಪ್ರಥಮ ಕಪ್ಪು ಮಹಿಳೆ ಎಂಬ ಗೌರವ ಅವರದಾಯಿತು. 2022ನೆಯ ಜನವರಿ 18ರಂದು ಅವರು ನಿಧನರಾದರು. ಅವರನ್ನು ಕುರಿತ ಸಾಕ್ಷ್ಯಚಿತ್ರಕ್ಕೆ ಅದೇ ವರ್ಷದ ಮಾರ್ಚ್‌ನಲ್ಲಿ ಆಸ್ಕರ್ ಪ್ರಶಸ್ತಿ ದೊರೆಯಿತು.

ಇಂದು ಆಟದ ಬಯಲಿಗಿಳಿಯುವ ಹೆಣ್ಣುಮಕ್ಕಳಿಗೆ ತೆರೆದಿರುವ ಬಾಗಿಲು ತಾನಾಗಿ ತೆರೆದುದಲ್ಲ. ಅದು ಮುಚ್ಚಿದ್ದಾಗಲೇ ಅದರ ಮುಂದೆ ದೃಢವಾಗಿ ನಿಂತವರ ಸಾಧನೆಯ ಫಲವದು.