ಹೊಲಮನೆಯ ಕಾರ್ಯಾಗಾರದಲ್ಲಿ ಗಾಳಿಯ ಕೊಳವೆಗಳ ಏರ್ಪಾಡು

ಸಂಕುಚಿತ ವಾಯುವಿನಿಂದ ಕೆಲಸ ತೆಗೆಯುವ ಕ್ರಮವು ಈ ನಾಡಿಗೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳು ೨೦೦೧ನೆಯ ಇಸವಿಯಲ್ಲಿ ಮುಚ್ಚಲ್ಪಡುವುದಕ್ಕೆ ಬಹುಕಾಲ ಮುಂಚಿನಿಂದಲೇ ಅಲ್ಲಿ ಬಂಡೆ ಕೊರೆಯುವ ಯಂತ್ರಗಳು, ಕೊಳವೆಗಳ ಮೂಲಕ ಭೂಮಿಯೊಳಕ್ಕೆ ಇಳಿಯುತ್ತಿದ್ದ ಗಾಳಿಯ ಬಲದಿಂದ ನಡೆಯುತ್ತಿದ್ದುವು. ಈಗ ಅದೇ ಬಲವು ಟ್ರ್ಯಾಕ್ಟರುಳ್ಳ ಜಮೀನುದಾರರ ಕೊಟ್ಟಿಗೆಗೂ ಬಂದಿದೆ. ಚಕ್ರಗಳಿಗೆ ಗಾಳಿ ತುಂಬುವುದು, ರೇಡಿಯೇಟರಿನ ಧೂಳನ್ನು ಊದಿ ತೆಗೆಯುವುದು, ತುಕ್ಕು ಹಿಡಿದ ನಟ್ಟುಗಳನ್ನು ಬಿಚ್ಚುವುದು, ನೇಗಿಲು ಕುಂಟೆಗಳಿಗೆ ಬಣ್ಣ ಹಚ್ಚುವುದು, ಇವೆಲ್ಲವೂ ಕಂಪ್ರೆಸರ್ ಎಂಬ ಗಾಳಿಯಂತ್ರವೊಂದರಿಂದ ಸುಲಭವಾಗಿ ನೆರವೇರುವುವು.

ಆದರೆ ಯಂತ್ರವನ್ನು ಕೊಳ್ಳುವಾಗ ಹತ್ತು ಅಂಗಡಿಗಳಲ್ಲಿ ವಿಚಾರಿಸುವವರೂ ಕೊಳವೆಯ ವಿಷಯದಲ್ಲಿ ಉದಾಸೀನರಾಗುವುದುಂಟು. ಬೋರುಬಾವಿಯ ಕೆಲಸದಲ್ಲಿ ಮಿಕ್ಕು ಹಿತ್ತಲಿನಲ್ಲಿ ಬಿದ್ದಿರುವ ಪಿ.ವಿ.ಸಿ. ಕೊಳವೆಗಳನ್ನೇ ಗೋಡೆಗೆ ಬಿಗಿದು, ಹಣ ಉಳಿಯಿತೆಂದು ಸಂತೋಷಪಡುವುದೂ ಉಂಟು. ಇದು ಪ್ರಾಣಕ್ಕೆ ಅಪಾಯಕರವಾದ ಉಳಿತಾಯ. ನೀರಿನ ಕೊಳವೆ ಬೇರೆ, ಗಾಳಿಯ ಕೊಳವೆ ಬೇರೆ ಎಂಬ ಭೇದವನ್ನು ಮೊದಲು ಮನಗಾಣತಕ್ಕದ್ದು.

ನೀರಿಗೂ ಗಾಳಿಗೂ ಭೇದ:— ನೀರು ಒತ್ತಿದರೆ ಕುಗ್ಗುವುದಿಲ್ಲ. ಆದುದರಿಂದ ನೀರಿನ ಕೊಳವೆ ಸೀಳಿದೊಡನೆ ಒತ್ತಡವು ತಟ್ಟನೆ ಇಳಿದುಹೋಗುವುದು. ಗಾಳಿಯಾದರೋ ಎಂಟುಪಾಲು ಕುಗ್ಗಿ ಕುಳಿತಿದ್ದು, ದಾರಿ ಸಿಕ್ಕಿದೊಡನೆ ಎಂಟುಪಾಲು ಹಿಗ್ಗುವುದು. ಚದರ ಅಂಗುಲಕ್ಕೆ ೧೦೦ ಪೌಂಡು ಒತ್ತಡದಲ್ಲಿ ಗಾಳಿ ತುಂಬಿದ ೧೦೦ ಲೀಟರಿನ ತೊಟ್ಟಿಯೊಂದರಲ್ಲಿ, ಒಂದು ಟನ್ನು ಭಾರವನ್ನು ಸುಮಾರು ೯ ಮೀಟರು ಎತ್ತರಕ್ಕೆ ಎತ್ತಬಲ್ಲಷ್ಟು ಶಕ್ತಿ ಅಡಗಿರುವುದು. ಪಿ.ವಿ.ಸಿ. ಕೊಳವೆ ಒಡೆಯುವಾಗ ಬಿರುಕುಬಿಟ್ಟು ಸುಮ್ಮನಾಗದೆ ಚೂರುಚೂರಾಗಿ ಸಿಡಿಯುವುದು. ಆ ಚೂರುಗಳು ಕಣ್ಣಿಗೂ ಕುತ್ತಿಗೆಗೂ ಬಾಣಗಳಂತೆ ನಾಟುವುವು. ಅಲ್ಲದೆ ಕಂಪ್ರೆಸರಿನಿಂದ ಹೊರಡುವ ಗಾಳಿ ಬಿಸಿಯಾಗಿರುವುದು. ೬೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸಾಮಾನ್ಯ ಪಿ.ವಿ.ಸಿ.ಯ ತಾಳಿಕೆಯು ಅದರ ಮೂಲಶಕ್ತಿಯ ಕಾಲುಭಾಗಕ್ಕಿಂತಲೂ ಕಡಮೆಯಾಗುವುದು. ನೀರಾವರಿಯ ಕೊಳವೆಯ ಮೇಲೆ ೬ ಕಿಲೋ, ೧೦ ಕಿಲೋ ಎಂದು ಅಚ್ಚೊತ್ತಿರುವ ಅಂಕಿಯು ತಣ್ಣನೆಯ ನೀರಿಗೆ ಹೇಳಿದ್ದೇ ಹೊರತು ಗಾಳಿಗೆ ಹೇಳಿದ್ದಲ್ಲ. ಅಮೆರಿಕಾ ದೇಶದ ಟೆಕ್ಸಾಸಿನ ಕಾರ್ಖಾನೆಯೊಂದರಲ್ಲಿ ಇಂತಹ ಕೊಳವೆ ಸಿಡಿದು ಕೆಲಸಗಾರನೊಬ್ಬನಿಗೆ ಗಾಯವಾದ ಮೇಲೆ, ಅಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆಯವರು ೧೯೮೮ರಲ್ಲಿಯೇ ನೆಲದ ಮೇಲಣ ಗಾಳಿಯ ಸಾಲುಗಳಿಗೆ ಪಿ.ವಿ.ಸಿ. ಕೂಡದೆಂದು ಎಚ್ಚರಿಕೆ ಕೊಟ್ಟಿರುವರು.

ಮೊದಲು ಕಾಗದದ ಮೇಲೆ:— ಕೊಳವೆ ಕೊಳ್ಳುವುದಕ್ಕೆ ಮುಂಚೆ ಕೊಟ್ಟಿಗೆಯ ನಕ್ಷೆಯೊಂದನ್ನು ಬರೆಯತಕ್ಕದ್ದು. ೩೦ ಅಡಿ ಉದ್ದ, ೨೦ ಅಡಿ ಅಗಲದ ಕೊಟ್ಟಿಗೆಯೆಂದು ಭಾವಿಸೋಣ. ಕಂಪ್ರೆಸರನ್ನು ಧೂಳು ಬಾರದ, ನೆರಳಿರುವ, ಗಾಳಿಯಾಡುವ ಮೂಲೆಯಲ್ಲಿ ನಿಲ್ಲಿಸಬೇಕು. ಒಕ್ಕಣೆಯ ಕಣ ಯಾವ ದಿಕ್ಕಿಗಿದೆಯೋ ಆ ದಿಕ್ಕಿನ ಗೋಡೆ ಇದಕ್ಕೆ ತಕ್ಕುದಲ್ಲ. ಬಳಿಕ ಗಾಳಿ ಎಲ್ಲೆಲ್ಲಿ ಬೇಕೆಂಬುದನ್ನು ಗುರುತಿಸಬೇಕು. ಕೆಲಸದ ಮೇಜಿನ ಬಳಿ ಒಂದು, ಟ್ರ್ಯಾಕ್ಟರು ನಿಲ್ಲುವ ಕಡೆ ಒಂದು, ಹೆಬ್ಬಾಗಿಲಿನ ಪಕ್ಕದಲ್ಲಿ ಒಂದು, ಹೀಗೆ ಮೂರು ಬಾಯಿಗಳು ಸಾಮಾನ್ಯವಾಗಿ ಸಾಕಾಗುವುವು. ಬಾಗಿಲ ಬಳಿಯ ಬಾಯಿಯನ್ನು ಮರೆಯಲಾಗದು; ಕೆಸರು ಮೆತ್ತಿದ ಟ್ರೈಲರನ್ನು ಒಳಗೆ ತಾರದೆಯೇ ಚಕ್ರಕ್ಕೆ ಗಾಳಿ ತುಂಬಲು ಅದೇ ಅನುಕೂಲ. ಬಾಯಿಗಳನ್ನು ನೆಲದಿಂದ ಸುಮಾರು ೪ ಅಡಿ ಎತ್ತರದಲ್ಲಿಟ್ಟರೆ ಬಗ್ಗದೆ ಕೊಂಡಿ ಹಾಕಬಹುದು.

ಗಾಳಿಯೊಡನೆ ಬರುವ ನೀರು:— ಗಾಳಿಯನ್ನು ಒತ್ತಿ ತಣಿಸಿದರೆ ಅದರಲ್ಲಿರುವ ತೇವವು ನೀರಾಗಿ ಇಳಿಯುವುದು. ಎರಡು ಅಶ್ವಶಕ್ತಿಯ ಯಂತ್ರವು ಗಂಟೆಗೆ ಸುಮಾರು ೧೦ ಘನ ಮೀಟರು ಗಾಳಿಯನ್ನು ಎಳೆದುಕೊಳ್ಳುವುದು. ಮಲೆನಾಡಿನ ಮುಂಗಾರಿನಂತಹ ತೇವದ ದಿನಗಳಲ್ಲಿ ಇಷ್ಟು ಗಾಳಿಯಿಂದ ಸುಮಾರು ೨೦೦ ಗ್ರಾಮು, ಎಂದರೆ ಒಂದು ಲೋಟದಷ್ಟು ನೀರು ಬೀಳುವುದು. ಈ ನೀರು ಉಪಕರಣಗಳನ್ನು ತುಕ್ಕು ಹಿಡಿಸಿ, ಬಣ್ಣದಲ್ಲಿ ಗುಳ್ಳೆಗಳನ್ನೆಬ್ಬಿಸುವುದು. ತೊಟ್ಟಿಯ ತಳದಲ್ಲಿ ನಿಂತ ನೀರು ಉಕ್ಕನ್ನು ಒಳಗಿನಿಂದ ತಿನ್ನುತ್ತ ಬಂದು, ಹೊರಗೆ ಬಣ್ಣ ಚೆನ್ನಾಗಿದ್ದರೂ ಒಂದು ದಿನ ತೊಟ್ಟಿಯನ್ನೇ ಒಡೆಯಿಸಬಹುದು.

ಇದಕ್ಕೆ ಪರಿಹಾರವು ಕೊಳವೆಯ ವಿನ್ಯಾಸದಲ್ಲಿಯೇ ಇದೆ. ಮುಖ್ಯ ಕೊಳವೆಯನ್ನು ಗೋಡೆಯ ಮೇಲ್ಭಾಗದಲ್ಲಿ ಹಾಯಿಸಿ, ಕಂಪ್ರೆಸರಿನಿಂದ ದೂರಕ್ಕೆ ನೂರಕ್ಕೆ ಒಂದರಂತೆ, ಎಂದರೆ ೩೦ ಅಡಿಗೆ ಸುಮಾರು ೪ ಅಂಗುಲ, ಇಳಿಜಾರು ಕೊಡಬೇಕು. ಕವಲುಗಳನ್ನು ಮುಖ್ಯ ಕೊಳವೆಯ ತಳದಿಂದ ತೆಗೆಯದೆ, ನೆತ್ತಿಯಿಂದ ಮೇಲಕ್ಕೆತ್ತಿ ಬಾಗಿಸಿ ಕೆಳಗಿಳಿಸಬೇಕು. ಹೀಗೆ ಮಾಡಿದರೆ ತಳದಲ್ಲಿ ಹರಿಯುವ ನೀರು ಕವಲಿಗೆ ಇಳಿಯದು. ಪ್ರತಿಯೊಂದು ಕವಲನ್ನೂ ಬಾಯಿಗಿಂತ ಒಂದು ಗೇಣು ಕೆಳಕ್ಕೆ ಮುಂದುವರಿಸಿ ತುದಿಗೊಂದು ನೀರು ಬಿಡುವ ತಿರುಪನ್ನೂ, ಮುಖ್ಯ ಕೊಳವೆಯ ಕೊನೆಯಲ್ಲಿ ಅಂತಹುದೇ ಇನ್ನೊಂದನ್ನೂ ಇಡಬೇಕು. ತೇವ ಹಿಡಿಯುವ ಫಿಲ್ಟರನ್ನು ಯಂತ್ರದ ಮಗ್ಗುಲಲ್ಲಿ ಇಡುವುದು ವ್ಯರ್ಥ. ಬಿಸಿ ಗಾಳಿಯಲ್ಲಿ ನೀರು ಇನ್ನೂ ಆವಿಯಾಗಿಯೇ ಇರುವುದರಿಂದ ಅದು ಸಿಕ್ಕುವುದಿಲ್ಲ. ಗಾಳಿಯು ೨೫ ಅಡಿಯಷ್ಟಾದರೂ ಲೋಹದ ಕೊಳವೆಯಲ್ಲಿ ಹರಿದು ತಣಿದ ಮೇಲೆ, ಬಾಯಿಯ ಹತ್ತಿರ ಫಿಲ್ಟರನ್ನೂ ಒತ್ತಡ ತಗ್ಗಿಸುವ ರೆಗ್ಯುಲೇಟರನ್ನೂ ಜೋಡಿಸುವುದು ಉಚಿತ.

ಕೊಳವೆಯ ಗಾತ್ರ ಮತ್ತು ಜಾತಿ:— ಕೊಳವೆಯ ಒಳವ್ಯಾಸವು ಅರ್ಧವಾದರೆ ಅಷ್ಟೇ ಗಾಳಿ ಹರಿಯುವಾಗ ಒತ್ತಡದ ನಷ್ಟವು ಸುಮಾರು ೩೨ ಪಟ್ಟು ಹೆಚ್ಚುವುದು. ಮೇಲೆ ಹೇಳಿದಂತಹ ಕೊಟ್ಟಿಗೆಗೆ ಮುಕ್ಕಾಲು ಅಂಗುಲದ ಮುಖ್ಯ ಕೊಳವೆಯೂ ಅರ್ಧ ಅಂಗುಲದ ಕವಲುಗಳೂ ಸಾಕು. ಕಬ್ಬಿಣದ ಕೊಳವೆ ಗಟ್ಟಿಯಾದರೂ ಕಾಲಾಂತರದಲ್ಲಿ ತುಕ್ಕು ಹಿಡಿಯುವುದು; ಸತುವಿನ ಲೇಪದ ಕೊಳವೆಯಲ್ಲಿ ಲೇಪದ ಹೊಟ್ಟು ಏಳುವುದುಂಟು; ಇವೆರಡಕ್ಕೂ ಫಿಲ್ಟರು ಅವಶ್ಯಕ. ತಾಮ್ರ ಮತ್ತು ಅಲ್ಯೂಮಿನಿಯಂ ಕೊಳವೆಗಳಿಗೆ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಯಾವುದನ್ನು ಆರಿಸಿದರೂ ಅದು ಗಾಳಿಗೆ ತಕ್ಕುದೆಂದು ತಯಾರಕರು ಬರೆದುಕೊಟ್ಟಿರಬೇಕು. ಅದರ ತಾಳಿಕೆಯ ಮಿತಿಯು ತೊಟ್ಟಿಯ ರಕ್ಷಣಾ ಕವಾಟ ತೆರೆಯುವ ಒತ್ತಡಕ್ಕಿಂತ ಹೆಚ್ಚಾಗಿರಬೇಕು. ಯಂತ್ರದ ಅದುರಾಟವು ಕೀಲುಗಳನ್ನು ಸಡಿಲಿಸದಂತೆ ತೊಟ್ಟಿಗೂ ಕೊಳವೆಗೂ ನಡುವೆ ಒತ್ತಡ ತಾಳುವ ರಬ್ಬರು ಹೋಸನ್ನೂ, ತೊಟ್ಟಿಯ ಬಾಯಿಗೆ ಮುಚ್ಚುವ ತಿರುಪನ್ನೂ ಹಾಕತಕ್ಕದ್ದು.

ಪರೀಕ್ಷೆ ಮತ್ತು ಪಾಲನೆ:— ಜೋಡಣೆ ಮುಗಿದ ಮೇಲೆ ಒತ್ತಡವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಪ್ರತಿಯೊಂದು ಕೀಲಿಗೂ ಸಾಬೂನಿನ ನೀರನ್ನು ಸವರಿ ನೋಡಬೇಕು. ಗುಳ್ಳೆ ಎದ್ದ ಕಡೆ ಸೋರಿಕೆಯಿದೆ. ೧೦೦ ಪೌಂಡು ಒತ್ತಡದಲ್ಲಿ ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ರಂಧ್ರವೊಂದು ನಿಮಿಷಕ್ಕೆ ಸುಮಾರು ೬ ಘನ ಅಡಿ ಗಾಳಿಯನ್ನು ಕಳೆಯುವುದು. ಎರಡು ಅಶ್ವಶಕ್ತಿಯ ಯಂತ್ರದ ದುಡಿಮೆಯೆಲ್ಲವೂ ಹೆಚ್ಚುಕಡಮೆ ಇಷ್ಟೇ. ಕೆಲಸವಾದ ದಿನ ಸಂಜೆ ಯಂತ್ರವನ್ನು ನಿಲ್ಲಿಸಿ ತೊಟ್ಟಿಯ ನೀರನ್ನು ಬಿಡುವುದು, ದನಗಳಿಗೆ ಮೇವು ಹಾಕುವಷ್ಟೇ ತಪ್ಪದ ಕೆಲಸವಾಗಬೇಕು. ರಕ್ಷಣಾ ಕವಾಟವನ್ನು ಎಂದಿಗೂ ಬಿಗಿದು ಮುಚ್ಚಲಾಗದು. ಊದುವ ಬಾಯನ್ನು ಮೈಗೆ ಹಿಡಿಯುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಬೇಕು. ತಮಾಷೆಗೆಂದು ಹೀಗೆ ಮಾಡಿ ಜೀವ ಹೋದುದುಂಟು. ಧೂಳು ಊದುವಾಗ ಒತ್ತಡವನ್ನು ೩೦ ಪೌಂಡಿಗಿಂತ ಕೆಳಗಿಳಿಸಿ ಕಣ್ಣಿಗೆ ಕನ್ನಡಕ ಧರಿಸುವುದು ಕ್ಷೇಮಕರ.

ಗ್ರಾಮದ ಮುಖಂಡರ ಕೊಟ್ಟಿಗೆಯಲ್ಲಿ ಕಂಡ ಏರ್ಪಾಡನ್ನೇ ನೆರೆಹೊರೆಯವರು ಅನುಸರಿಸುವುದು ವಾಡಿಕೆ. ಆದುದರಿಂದ ಈಗಾಗಲೇ ಪಿ.ವಿ.ಸಿ. ಕೊಳವೆಯಲ್ಲಿ ಗಾಳಿ ಹರಿಸುತ್ತಿರುವವರು ತೊಟ್ಟಿಯ ಗಾಳಿಯನ್ನು ಪೂರ್ತಿಯಾಗಿ ಬಿಟ್ಟು, ಲೋಹದ ಕೊಳವೆ ಬರುವವರೆಗೆ ಯಂತ್ರದಿಂದ ನೇರವಾಗಿ ಗಾಳಿಯ ಹೋಸೊಂದನ್ನೇ ಉಪಯೋಗಿಸುವುದು ಲೇಸು. ಬಿಚ್ಚಿದ ಕೊಳವೆಗಳು ನಷ್ಟವಾಗವು. ಅವು ತಮ್ಮ ಸಹಜವಾದ ಕೆಲಸಕ್ಕೆ, ತೋಟಕ್ಕೆ ನೀರು ಹಾಯಿಸುವುದಕ್ಕೆ, ಹಿಂದಿರುಗಲಿ.