ಗೋಡೆ ಬಿರುಕು ಬಿಟ್ಟರೆ ಮನೆ ಬೀಳುತ್ತದೆಯೇ? ಅಡಿಪಾಯದ ಮುನ್ಸೂಚನೆ ಗುರುತಿಸುವುದು ಹೇಗೆ?

ಮಳೆಗಾಲ ಮುಗಿಯುವ ಹೊತ್ತಿಗೆ ಗೋಡೆಯ ಮೇಲೊಂದು ಬಿರುಕು ಕಾಣುತ್ತದೆ. ಫೋಟೊ ತೆಗೆದು ಮನೆಮಂದಿಯ ಗ್ರೂಪಿಗೆ ಹಾಕಿದರೆ ಕೆಲವರು 'ಮನೆ ಬೀಳುತ್ತದೆ, ಖಾಲಿ ಮಾಡಿ' ಎನ್ನುತ್ತಾರೆ. ಉಳಿದವರು 'ಸಿಮೆಂಟ್ ತುಂಬಿ ಬಣ್ಣ ಹೊಡೆಸಿ, ಸರಿಹೋಗುತ್ತೆ' ಎನ್ನುತ್ತಾರೆ. ಎರಡೂ ಪೂರ್ತಿ ನಿಜವಲ್ಲ.

ಕೂದಲೆಳೆಯಂಥ ಬಿರುಕುಗಳು ಸಾಮಾನ್ಯವಾಗಿ ಗಿಲಾವು ಒಣಗುವಾಗ ಕುಗ್ಗಿ ಬಂದಿರುತ್ತವೆ. ಇವಕ್ಕೆ ಹೆದರಬೇಕಿಲ್ಲ. ಅಡಿಪಾಯ ಕುಸಿಯುತ್ತಿದ್ದರೆ ಬಿರುಕಿನ ರೂಪವೇ ಬೇರೆ. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುತ್ತದೆ, ಇಲ್ಲವೇ ಕಲ್ಲಿನ ಸಂದು ಹಿಡಿದು ಮೆಟ್ಟಿಲಿನಂತೆ ಏರುತ್ತದೆ. ಒಂದು ತುದಿ ಅಗಲ, ಇನ್ನೊಂದು ಕಿರಿದು. ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುತ್ತದೆ. ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ (ಮಳೆಗೆ ಮರ ಉಬ್ಬಿದರೂ ಹೀಗಾಗುತ್ತದೆ, ಇದೊಂದನ್ನೇ ನಂಬಬೇಡಿ). ಬಿರುಕು 5 ಮಿಲಿಮೀಟರ್‌ಗಿಂತ ಅಗಲವಿದ್ದರೆ ಸಿವಿಲ್ ಎಂಜಿನಿಯರ್‌ಗೆ ತೋರಿಸಲೇಬೇಕು.

ಅಗಲಕ್ಕಿಂತ ಮುಖ್ಯವಾದ ಪ್ರಶ್ನೆ, ಅದು ಬೆಳೆಯುತ್ತಿದೆಯೇ? ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಹದಿನೈದು ದಿನಕ್ಕೊಮ್ಮೆ ಮತ್ತೆ ನೋಡಿ. ಮೊದಲೇ ಸಿಮೆಂಟ್ ತುಂಬಿಬಿಟ್ಟರೆ ಈ ಸಾಕ್ಷಿಯೇ ಮುಚ್ಚಿಹೋಗುತ್ತದೆ.

ಧಾರವಾಡ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ, ಮೇಲಿರುವ ಮನೆಯನ್ನೂ ಅಲುಗಿಸುತ್ತದೆ. ಉಳವಿ, ಜೋಯಿಡಾ ಕಡೆ ಚಿಂತೆ ಬೇರೆ: ಮಳೆ ಹೆಚ್ಚು, ನೆಲ ಇಳಿಜಾರು. ಸೂರಿನ ನೀರು ಬುನಾದಿಯ ಬುಡದಲ್ಲೇ ಬಿದ್ದು ಇಂಗಿದರೆ ಮಣ್ಣು ಮೆತ್ತಗಾಗಿ ಭಾರ ತಡೆಯುವುದಿಲ್ಲ. ಅಂಗಳ ಗೋಡೆಯಿಂದ ಹೊರಕ್ಕೆ ವಾಲಿರಲಿ, ನೀರು ಚರಂಡಿ ಸೇರಲಿ. ಕಡಿಮೆ ಖರ್ಚಿನ ಮೊದಲ ಕೆಲಸ ಇದೇ.

ಬಿರುಕು ಗೋಡೆ ಬಿಟ್ಟು ನೆಲದಲ್ಲೇ ಕಂಡರೆ ಮಾತ್ರ ಲೆಕ್ಕ ಬದಲಾಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2021ರ ಜುಲೈನಲ್ಲಿ ಪಕ್ಕದ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳೇ ಜಾರಿದವು. ಅಂಥ ಕಡೆ ಎಷ್ಟು ಗಟ್ಟಿ ಬುನಾದಿಯೂ ನಿಲ್ಲದು. ಮನೆಯ ಹಿಂದಿನ ಧರೆಯ ಮೇಲೆ ಉದ್ದನೆಯ ಬಿರುಕು, ಹೊಸದಾಗಿ ವಾಲಿದ ಮರ ಅಥವಾ ಕಂಬ, ತಿಳಿಯಾಗಿದ್ದ ಒರತೆಯಲ್ಲಿ ಕೆಸರು ನೀರು ಕಂಡರೆ ಪೆನ್ಸಿಲ್ ಗೆರೆ ಎಳೆದು ಕಾಯಬೇಡಿ. ಜೋರು ಮಳೆಯಲ್ಲಿ ಇವು ಕಂಡರೆ ರಾತ್ರಿಯಾದರೂ ಸರಿ, ಎಲ್ಲರೂ ಹೊರಟು ಇಳಿಜಾರಿನಿಂದ ದೂರ ಹೋಗಿ. ನೆಟ್‌ವರ್ಕ್ ಸಿಕ್ಕ ಕೂಡಲೇ 112 ಅಥವಾ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ. ಗ್ರೂಪಿಗೆ ಫೋಟೊ ಕಳಿಸುವುದು ಅದಾದ ಮೇಲೆ.