ಫೈಫ್ ಡಾಗ್‌ನ ಕೊನೆಯ ಸರದಿ

ರ‍್ಯಾಪ್ ಎಂದರೆ ಬರೀ ಬೈಗುಳ ಎನ್ನುವ ಗೆಳೆಯರಿಗೆ ನಾನು ಕೇಳಿಸುವುದು ನ್ಯೂಯಾರ್ಕ್‌ನ ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ತಂಡದ ಕೊನೆಯ ಆಲ್ಬಮ್. 1998ರಲ್ಲಿ ಮುನಿಸಿಕೊಂಡು ಚದುರಿದವರು 2015ರ ನವೆಂಬರ್‌ನಲ್ಲಿ ಟಿವಿ ಕಾರ್ಯಕ್ರಮವೊಂದಕ್ಕೆ ಕೂಡಿ ಹಾಡಿದರು. ಹಳೆಯ ಹುರುಪು ಮರಳಿ, ಈ ಆಲ್ಬಮ್‌ಗೆ ಕೈಹಾಕಿದರು. ಧ್ವನಿಮುದ್ರಣ ನಡೆದದ್ದು ತಂಡದ ಸದಸ್ಯ ಕ್ಯೂ-ಟಿಪ್‌ನ ನ್ಯೂಜೆರ್ಸಿ ಮನೆಯ ಸ್ಟುಡಿಯೊದಲ್ಲೇ. ಅತಿಥಿ ಗಾಯಕರೂ ಅಲ್ಲಿಗೇ ಬರಬೇಕಿತ್ತು, ತಮ್ಮ ಭಾಗವನ್ನು ಇಮೇಲ್‌ನಲ್ಲಿ ಕಳಿಸಿದರೆ ಆಗುತ್ತಿರಲಿಲ್ಲ! ತಂಡದ ಇನ್ನೊಬ್ಬ ಸದಸ್ಯ ಫೈಫ್ ಡಾಗ್‌ಗೆ ಸಕ್ಕರೆ ಕಾಯಿಲೆ. 2008ರಲ್ಲಿ ಹೆಂಡತಿ ಕೊಟ್ಟ ಕಿಡ್ನಿಯೂ ಕೈಕೊಟ್ಟಿತ್ತು. ಡಯಾಲಿಸಿಸ್ ನಡುವೆಯೇ ಕ್ಯಾಲಿಫೋರ್ನಿಯಾದಿಂದ ಬಂದು ಹಾಡುತ್ತಿದ್ದ. ದನಿಯಲ್ಲಿ ಮಾತ್ರ ಅದೇ ತುಂಟತನ. 2016ರ ಮಾರ್ಚ್ 22ರಂದು, 45ನೇ ವಯಸ್ಸಿಗೆ ತೀರಿಕೊಂಡ. ನವೆಂಬರ್ 11ಕ್ಕೆ ಬಂದ ಆಲ್ಬಮ್ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ನೇರ ಮೊದಲ ಸ್ಥಾನಕ್ಕೇರಿತು. ಸತ್ತವರ ಚೂರುಪಾರು ದನಿ ಹೊಲಿದು ಮಾರುವ ಆಲ್ಬಮ್‌ಗಳು ಬೇಕಾದಷ್ಟಿವೆ. ಇದು ಆ ಜಾತಿಯದಲ್ಲ. ತಂಡದ ಅತ್ಯುತ್ತಮ ಕೃತಿಗಳ ಸಾಲಿನಲ್ಲೇ ಇಡುತ್ತೇನೆ.